ಬಹುಸುತೆ: ಹಲವು ಮಕ್ಕಳ ತಾಯಿಬೇರಿನ ಹೆಸರೂ ಗುಣವೂ

೧

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಸೋಮನಹಳ್ಳಿಯು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಗ್ರಾಮ. ಅಲ್ಲಿಂದ ಮದ್ದೂರು, ಮಳವಳ್ಳಿಗಳ ಕಡೆಗೆ ಹಬ್ಬಿರುವ ಸೀಮೆಯಲ್ಲಿ ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಡುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಮುಟ್ಟಿದ ನೆಲವು ಭತ್ತದ ಮತ್ತು ಕಬ್ಬಿನ ಗದ್ದೆಯಾಗಿದೆ. ನೀರು ಹತ್ತದ ದಿಣ್ಣೆಗಳೂ, ಹೊಲದ ಬೇಲಿಗಳೂ, ಕಾವೇರಿಯ ಕಡೆಯ ಕುರುಚಲು ಕಾಡುಗಳೂ ಹಿಂದಿನ ಸಸ್ಯಸಂಪತ್ತನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಂಡಿವೆ. ಅಂತಹ ನೆಲದಲ್ಲಿ ಕಳ್ಳಿಯನ್ನೋ ಲಂಟಾನವನ್ನೋ ಆಶ್ರಯಿಸಿ ಹಬ್ಬುವ ಒಂದು ಮುಳ್ಳುಬಳ್ಳಿಯುಂಟು. ಸಂಸ್ಕೃತದಲ್ಲಿ ಇದು ಶತಾವರೀ. ಕನ್ನಡದಲ್ಲಿ ಇದಕ್ಕೆ ಆಷಾಢಿ ಬೇರು, ಮಜ್ಜಿಗೆ ಗಡ್ಡೆ, ಹಲವು ಮಕ್ಕಳ ತಾಯಿಬೇರು ಎಂಬ ಹೆಸರುಗಳಿವೆ.

ಈ ಕಡೆಯ ಹೆಸರು ವಿಚಾರಾರ್ಹವಾದುದು. ಬಾಣಂತಿಯರಿಗೆ ಎದೆಹಾಲು ಹೆಚ್ಚಿಸುವುದಕ್ಕೂ, ಋತುದೋಷಗಳಿಗೂ, ಸಂತಾನವಿಲ್ಲದವರಿಗೂ ಈ ಬೇರನ್ನು ಕೊಡುವ ವಾಡಿಕೆ ಬಹುಕಾಲದಿಂದ ಇರುವುದರಿಂದ, ‘ಹಲವು ಮಕ್ಕಳ ತಾಯಿ’ ಎಂಬುದು ಔಷಧದ ಫಲವನ್ನು ಹೇಳುವ ಹೆಸರೆಂದು ಕೇಳಿದವರು ಕೂಡಲೆ ಭಾವಿಸುತ್ತಾರೆ. ಬೇರನ್ನು ಸೇವಿಸಿದವಳು ಹಲವು ಮಕ್ಕಳಿಗೆ ತಾಯಿಯಾಗುವಳು ಎಂಬ ಅರ್ಥವು ಜನರ ಬಾಯಲ್ಲಿ ಮಾತ್ರವಲ್ಲದೆ ಔಷಧದ ಜಾಹೀರಾತುಗಳಲ್ಲಿಯೂ ಬೇರೂರಿದೆ. ಆ ಅರ್ಥಕ್ಕೆ ಶಬ್ದದ ಆಧಾರವೆಷ್ಟು, ಶಾಸ್ತ್ರದ ಆಧಾರವೆಷ್ಟು, ಈಚಿನ ಪರೀಕ್ಷೆಗಳ ಆಧಾರವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಮರ್ಶಿಸುವುದು ಅವಶ್ಯಕ. ಒಂದರ ಉತ್ತರವನ್ನು ಮತ್ತೊಂದಕ್ಕೆ ಸಲ್ಲಿಸುವುದರಿಂದಲೇ ಈ ವಿಷಯದಲ್ಲಿ ಗೊಂದಲವುಂಟಾಗಿದೆ.

೨

ಮೊದಲು ಸಸ್ಯದ ಸ್ವರೂಪ. ಶತಾವರಿಯ ಕಾಂಡವು ಸಣ್ಣದು, ಗಟ್ಟಿಯಾದುದು, ಮುಳ್ಳುಳ್ಳದ್ದು. ನೋಡುವವರು ಎಲೆಗಳೆಂದು ತಿಳಿಯುವ ಸೂಜಿಯಂತಹ ಹಸಿರು ಭಾಗಗಳು ನಿಜವಾಗಿ ಎಲೆಗಳಲ್ಲ, ಎಲೆಯ ಕೆಲಸವನ್ನು ವಹಿಸಿಕೊಂಡ ಕಿರುಕೊಂಬೆಗಳು. ನಿಜವಾದ ಎಲೆಗಳು ಮುಳ್ಳುಗಳಾಗಿಯೂ ಸಣ್ಣ ಹೊರಪೆಗಳಾಗಿಯೂ ಮಾರ್ಪಟ್ಟಿವೆ. ಬೇಸಿಗೆಯಲ್ಲಿ ಬಳ್ಳಿಯು ಒಣಗಿದಂತೆ ಕಂಡರೂ ಮುಂಗಾರಿನ ಮಳೆ ಬಿದ್ದ ಮೇಲೆ ನೆಲದೊಳಗಿನಿಂದ ಹೊಸ ಕುಡಿಗಳು ಏಳುವುವು. ಗೊಂಚಲಾಗಿ ಬಿಡುವ ಬಿಳಿಯ ಸಣ್ಣ ಹೂಗಳು ಸುವಾಸನೆಯುಳ್ಳವು. ಹಣ್ಣುಗಳು ಮಾಗಿದಾಗ ಕೆಂಪಾಗುವುವು.

ವಿಶೇಷವೆಲ್ಲ ನೆಲದ ಕೆಳಗಿದೆ. ಬುಡವನ್ನು ಅಗೆದರೆ ಒಂದೇ ಮೂಲದಿಂದ ಬೆರಳಿನ ಗಾತ್ರದ, ನಡುವೆ ಉಬ್ಬಿ ಎರಡು ತುದಿಗಳಲ್ಲಿ ಸಣ್ಣಗಾದ, ರಸಭರಿತವಾದ ಹತ್ತಾರು ಗಡ್ಡೆಬೇರುಗಳು ಗೊಂಚಲಾಗಿ ಇಳಿದಿರುವುದು ಕಾಣುತ್ತದೆ. ಹಳೆಯ ಬುಡಗಳಲ್ಲಿ ಇವುಗಳ ಸಂಖ್ಯೆ ನೂರನ್ನು ಮುಟ್ಟುವುದೂ ಉಂಟು. ಮಳೆಯಿಲ್ಲದ ತಿಂಗಳುಗಳಲ್ಲಿ ಬಳ್ಳಿಯ ಜೀವವನ್ನು ಕಾಯುವುದು ಈ ಬೇರುಗಳಲ್ಲಿ ಕೂಡಿಟ್ಟ ನೀರು ಮತ್ತು ಆಹಾರ.

ಯೂರೋಪಿನ ಸಸ್ಯಶಾಸ್ತ್ರದಲ್ಲಿ ಜರ್ಮನಿಯ ವಿಲ್ಡೆನೋ ಎಂಬ ವಿದ್ವಾಂಸನು ೧೭೯೯ರಲ್ಲಿ ಇದಕ್ಕೆ ಆಸ್ಪರಾಗಸ್ ರಸಿಮೋಸಸ್ ಎಂದು ಹೆಸರಿಟ್ಟನು. ಎರಡನೆಯ ಪದವು ಹೂವಿನ ಗೊಂಚಲನ್ನು ಸೂಚಿಸುತ್ತದೆ. ಅವನು ನೆಲದ ಮೇಲಿನ ಗೊಂಚಲನ್ನು ನೋಡಿ ಹೆಸರಿಟ್ಟರೆ, ಭಾರತೀಯರು ನೆಲದ ಕೆಳಗಿನ ಗೊಂಚಲನ್ನು ನೋಡಿ ಹೆಸರಿಟ್ಟರು. ಈ ಭೇದವು ಮುಂದಿನ ವಿಚಾರಕ್ಕೆ ಉಪಯುಕ್ತವಾಗಿದೆ.

೩

ಔಷಧಿಗಳಿಗೆ ಹೆಸರುಗಳು ಹೇಗೆ ಬರುತ್ತವೆಂಬುದನ್ನು ರಾಜನಿಘಂಟುವಿನ ಕರ್ತೃವಾದ ನರಹರಿ ಪಂಡಿತನು ಗ್ರಂಥಾರಂಭದಲ್ಲಿಯೇ ವಿವರಿಸಿದ್ದಾನೆ. ರೂಢಿ, ಸ್ವಭಾವ, ದೇಶ್ಯೋಕ್ತಿ, ಲಾಂಛನ, ಉಪಮೆ, ವೀರ್ಯ, ಇತರಾಹ್ವಯ ಎಂಬ ಏಳು ನಿಮಿತ್ತಗಳನ್ನು ಅವನು ಹೇಳುತ್ತಾನೆ. ಲಾಂಛನವೆಂದರೆ ಸಸ್ಯದ ಮೇಲೆ ಕಾಣುವ ಗುರುತು; ಉಪಮೆಯೆಂದರೆ ಮತ್ತೊಂದು ವಸ್ತುವಿನೊಡನೆ ಹೋಲಿಕೆ; ವೀರ್ಯವೆಂದರೆ ಔಷಧದ ಶಕ್ತಿ. ಇದೇ ನರಹರಿಯು ತನ್ನ ಗ್ರಂಥದಲ್ಲಿ ಸಸ್ಯಗಳನ್ನು ಸ್ಪಷ್ಟಪಡಿಸಲು ಕರ್ಣಾಟ ಮತ್ತು ಮಹಾರಾಷ್ಟ್ರ ಭಾಷೆಗಳನ್ನು ಆಶ್ರಯಿಸಿದುದಾಗಿಯೂ, ಆಂಧ್ರ, ಲಾಟ ಮುಂತಾದ ಭಾಷೆಗಳ ಹೆಸರುಗಳನ್ನು ಈ ಎರಡರ ಮೂಲಕ ತಿಳಿಯಬೇಕೆಂದೂ ಹೇಳಿರುವುದು ಕನ್ನಡಿಗರು ಗಮನಿಸತಕ್ಕ ಸಂಗತಿ. ದೇಶಭಾಷೆಯ ಹೆಸರು ಸಂಸ್ಕೃತನಾಮಕ್ಕೆ ಸಾಕ್ಷಿಯಾಗಬಲ್ಲದೆಂಬ ತತ್ತ್ವವನ್ನು ಅವನು ಒಪ್ಪಿದ್ದನೆಂಬುದು ಇದರಿಂದ ಸಿದ್ಧವಾಗುತ್ತದೆ.

ಆ ಏಳು ನಿಮಿತ್ತಗಳನ್ನು ಶತಾವರಿಯ ಪರ್ಯಾಯಪದಗಳಿಗೆ ಅನ್ವಯಿಸಬಹುದು. ಅಮರಕೋಶದ ವನೌಷಧಿವರ್ಗದಲ್ಲಿ ಶತಮೂಲೀ, ಬಹುಸುತಾ, ಅಭೀರು, ಇಂದೀವರೀ, ವರೀ, ನಾರಾಯಣೀ ಮುಂತಾದ ಹೆಸರುಗಳು ಒಟ್ಟಾಗಿ ಬಂದಿವೆ. ಭಾವಪ್ರಕಾಶದಲ್ಲಿ ಶತಪದೀ, ಶತವೀರ್ಯಾ, ಪೀವರೀ ಎಂಬುವು ಸೇರುತ್ತವೆ. ಚರಕಸಂಹಿತೆಯ ಬಲ್ಯ ಮತ್ತು ವಯಃಸ್ಥಾಪನ ಗಣಗಳಲ್ಲಿರುವ ಅತಿರಸಾ ಎಂಬ ಪದಕ್ಕೂ ವ್ಯಾಖ್ಯಾತೃಗಳು ಶತಾವರಿಯೆಂದೇ ಅರ್ಥ ಹೇಳುತ್ತಾರೆ. ಇವುಗಳಲ್ಲಿ ಶತವೀರ್ಯಾ ಎಂಬುದು ಸ್ಪಷ್ಟವಾಗಿ ವೀರ್ಯದಿಂದ ಬಂದ ಹೆಸರು. ಶತಮೂಲೀ ಎಂದರೆ ನೂರು ಬೇರುಳ್ಳದ್ದು, ಶತಪದೀ ಎಂದರೆ ನೂರು ಕಾಲುಳ್ಳದ್ದು, ಪೀವರೀ ಎಂದರೆ ಕೊಬ್ಬಿದುದು, ಅತಿರಸಾ ಎಂದರೆ ಬಹಳ ರಸವುಳ್ಳದ್ದು. ಈ ನಾಲ್ಕೂ ಬೇರಿನ ರೂಪವನ್ನೇ ವರ್ಣಿಸುತ್ತವೆ.

ಇನ್ನು ಬಹುಸುತಾ. ಬಹುವ್ರೀಹಿಸಮಾಸದ ಬಲದಿಂದ ‘ಹಲವು ಮಕ್ಕಳುಳ್ಳವಳು’ ಎಂಬ ಅರ್ಥ ದೊರೆಯುತ್ತದೆ. ಈ ವಿಗ್ರಹದಲ್ಲಿ ಮಕ್ಕಳುಳ್ಳವಳು ಬಳ್ಳಿಯೇ ಹೊರತು ಅದನ್ನು ಸೇವಿಸಿದ ಸ್ತ್ರೀಯಲ್ಲ. ಸೇವಿಸಿದವರಿಗೆ ಸಂತಾನವನ್ನು ಕೊಡುವುದೆಂಬ ಅಭಿಪ್ರಾಯವಿದ್ದಲ್ಲಿ ಸುತದಾ, ಪುತ್ರದಾ ಎಂಬಂತಹ ಹೆಸರು ಬರಬೇಕಾಗಿತ್ತು. ಅಮರನು ಬಹುಸುತಾ ಎಂಬುದನ್ನು ಶತಮೂಲೀ ಎಂಬುದರ ಮಗ್ಗುಲಲ್ಲಿಯೇ ಇಟ್ಟಿದ್ದಾನೆ. ಒಂದು ಬುಡದ ಸುತ್ತ ಜೋತುಬಿದ್ದ ಬೇರುಗಳನ್ನು ಒಂದು ಪದವು ಬೇರುಗಳೆಂದೇ ಹೇಳಿದರೆ ಮತ್ತೊಂದು ಪದವು ಮಕ್ಕಳೆಂದು ಹೋಲಿಸಿ ಹೇಳಿತು. ಇದು ಉಪಮೆಯಿಂದ ಬಂದ ಹೆಸರೆಂಬುದೇ ಯುಕ್ತವಾಗಿ ತೋರುತ್ತದೆ.

ಕನ್ನಡದ ಹೆಸರು ಇದೇ ಅರ್ಥವನ್ನು ಇನ್ನೂ ದೃಢಪಡಿಸುತ್ತದೆ. ‘ಹಲವು ಮಕ್ಕಳ ತಾಯಿಬೇರು’ ಎಂಬುದನ್ನು ಎರಡು ರೀತಿಯಲ್ಲಿ ಬಿಡಿಸಬಹುದು: ‘ಹಲವು ಮಕ್ಕಳ ತಾಯಿ’ಯೆಂಬ ಬೇರು ಎಂದು ಒಂದು, ಹಲವು ಮಕ್ಕಳುಳ್ಳ ‘ತಾಯಿಬೇರು’ ಎಂದು ಮತ್ತೊಂದು. ಕನ್ನಡದಲ್ಲಿ ತಾಯಿಬೇರೆಂದರೆ ಗಿಡದ ಮುಖ್ಯವಾದ ಬೇರು. ಅರಿಸಿನದ ಬೆಳೆಯಲ್ಲಿ ತಾಯಿಗಡ್ಡೆ, ಮರಿಗಡ್ಡೆ ಎಂಬ ಮಾತುಗಳಿವೆ; ಬಾಳೆಯ ಬುಡದಲ್ಲಿ ಏಳುವ ಸಸಿಗೆ ಕಂದು ಎಂಬ ಹೆಸರಿದೆ. ನೆಲದೊಳಗೆ ಒಂದರಿಂದ ಹಲವು ಹುಟ್ಟುವುದನ್ನು ತಾಯಿಮಕ್ಕಳ ಸಂಬಂಧದಿಂದ ಹೇಳುವುದು ಕನ್ನಡದ ಒಕ್ಕಲಿನ ಭಾಷೆಗೆ ಸಹಜವಾದ ಪದ್ಧತಿ. ಆದಕಾರಣ ಈ ಹೆಸರು ಬಹುಸುತಾ ಎಂಬುದರ ಭಾಷಾಂತರವೆಂದು ಒಪ್ಪಲೇಬೇಕಾದ ನಿರ್ಬಂಧವೇನೂ ಇಲ್ಲ. ಪಂಡಿತನೂ ಒಕ್ಕಲಿಗನೂ ಒಂದೇ ಬುಡವನ್ನು ಅಗೆದು ನೋಡಿ ಒಂದೇ ಹೋಲಿಕೆಯನ್ನು ಕಂಡಿರಬಹುದು.

ನೆರೆಯ ಭಾಷೆಗಳ ಹೆಸರುಗಳೂ ರೂಪವನ್ನೇ ಹಿಡಿದಿವೆ. ತಮಿಳಿನ ತಣ್ಣೀರ್‌ವಿಟ್ಟಾನ್ ಕಿಳಂಗು ಎಂಬುದು ಬೇರಿನೊಳಗಿನ ನೀರನ್ನು ಕುರಿತದ್ದು. ಅತಿರಸಾ ಎಂಬ ಸಂಸ್ಕೃತಪದದ ಭಾವವೂ ಅದೇ. ತೆಲುಗಿನ ಚಲ್ಲಗಡ್ಡ ಎಂಬಲ್ಲಿ ಚಲ್ಲ ಎಂದರೆ ಮಜ್ಜಿಗೆಯೂ ಆಗಬಹುದು, ತಂಪೂ ಆಗಬಹುದು. ಕನ್ನಡದ ಮಜ್ಜಿಗೆ ಗಡ್ಡೆಯೊಡನೆ ಅದನ್ನು ಹೋಲಿಸಿ ನೋಡತಕ್ಕದ್ದು.

ಇಲ್ಲಿ ಮತ್ತೊಂದು ಅಪವ್ಯಾಖ್ಯಾನವನ್ನೂ ಪರಿಹರಿಸಬೇಕು. ಶತಾವರೀ ಎಂದರೆ ‘ನೂರು ಗಂಡಂದಿರುಳ್ಳವಳು’ ಎಂದು ಈಚಿನ ಅನೇಕ ಇಂಗ್ಲಿಷ್ ಪುಸ್ತಕಗಳಲ್ಲಿಯೂ ಔಷಧದ ಡಬ್ಬಿಗಳ ಮೇಲೆಯೂ ಬರೆದಿರುವುದು ಕಾಣುತ್ತದೆ. ಶತ ಮತ್ತು ವರ ಎಂಬ ಪದಗಳು ಸೇರಿದರೆ ನಡುವೆ ದೀರ್ಘಾಕ್ಷರ ಬರಲು ಕಾರಣವಿಲ್ಲ. ರೂಪವು ಶತವರ ಎಂದೇ ನಿಲ್ಲಬೇಕು. ಶತಾವರೀ ಎಂಬ ದೀರ್ಘವು ಆಙ್ ಉಪಸರ್ಗದೊಡನೆ ವೃಞ್ ಧಾತುವನ್ನು ಅಪೇಕ್ಷಿಸುತ್ತದೆ. ಹಾಗಾದರೆ ‘ನೂರನ್ನು ಆವರಿಸಿಕೊಂಡಿರುವುದು’ ಎಂಬ ಅರ್ಥ ಬಂದು, ಬೇರುಗಳ ಗೊಂಚಲಿಗೆ ಸರಿಯಾಗಿ ಹೊಂದುತ್ತದೆ. ಗಂಡಂದಿರ ಕಥೆಯು ವ್ಯಾಪಾರಕ್ಕೆ ಅನುಕೂಲವಾದೀತು, ವ್ಯಾಕರಣಕ್ಕೆ ಅನುಕೂಲವಾಗದು.

೪

ಹೆಸರು ಫಲವನ್ನು ಹೇಳದಿದ್ದಮಾತ್ರಕ್ಕೆ ಬೇರಿಗೆ ಫಲವಿಲ್ಲವೆಂದು ಸಿದ್ಧವಾಗುವುದಿಲ್ಲ. ಅದನ್ನು ಶಾಸ್ತ್ರದಿಂದ ತಿಳಿಯಬೇಕು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಐವತ್ತು ಮಹಾಕಷಾಯಗಳನ್ನು ಹೇಳುವಾಗ ಸ್ತನ್ಯಜನನ, ಎಂದರೆ ಎದೆಹಾಲನ್ನು ಉಂಟುಮಾಡುವ, ಹತ್ತು ದ್ರವ್ಯಗಳ ಒಂದು ಗಣವನ್ನು ಕೊಟ್ಟಿದೆ. ವೀರಣ, ಶಾಲಿ, ಷಷ್ಟಿಕ, ದರ್ಭ, ಕುಶ, ಕಾಶ ಮುಂತಾಗಿ ಹುಲ್ಲಿನ ಮತ್ತು ಜೊಂಡಿನ ಜಾತಿಯ ಬೇರುಗಳೇ ಅಲ್ಲಿರುವುವು. ಆ ಹತ್ತರಲ್ಲಿ ಶತಾವರಿಯಿಲ್ಲ. ಇಂದು ಎದೆಹಾಲಿನ ಮಾತು ಬಂದೊಡನೆ ಶತಾವರಿಯ ಹೆಸರೇ ಮೊದಲು ಬರುವುದರಿಂದ ಈ ಅಭಾವವು ಓದುವವರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ. ಚರಕದಲ್ಲಿ ಶತಾವರಿಗೆ ಸಿಕ್ಕಿರುವ ಸ್ಥಾನವು ಬಲವರ್ಧಕವಾಗಿ, ವಯಃಸ್ಥಾಪಕವಾಗಿ, ಮಧುರವರ್ಗದ ದ್ರವ್ಯವಾಗಿ. ಚಿಕಿತ್ಸಾಸ್ಥಾನದ ಯೋನಿವ್ಯಾಪತ್ತಿನ ಅಧ್ಯಾಯದಲ್ಲಿ ಬೃಹಚ್ಛತಾವರೀಘೃತವೆಂಬ ಯೋಗವಿದೆ. ನಾಲ್ಕು ತುಲೆ, ಎಂದರೆ ೪೦೦ ಪಲ, ಶತಾವರೀಮೂಲವನ್ನು ಜಜ್ಜಿ ತೆಗೆದ ರಸದಿಂದ ತುಪ್ಪವನ್ನು ಕಾಯಿಸುವ ವಿಧಾನವದು. ಗರ್ಭಾಶಯದ ದೋಷಗಳಿಗೂ ರಕ್ತದ ದೋಷಗಳಿಗೂ ಇದನ್ನು ವಿಧಿಸಲಾಗಿದೆ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿರುವ ಪ್ರಸಿದ್ಧವಾದ ಫಲಘೃತದಲ್ಲಿಯೂ ಶತಾವರಿಯು ಒಂದು ದ್ರವ್ಯ. ಆದರೆ ಅಲ್ಲಿ ಮಂಜಿಷ್ಠ, ತ್ರಿಫಲೆ, ಅಶ್ವಗಂಧ ಮೊದಲಾದ ಹಲವು ದ್ರವ್ಯಗಳ ನಡುವೆ ಅದು ಒಂದಾಗಿ ಬರುತ್ತದೆಯೇ ಹೊರತು ಒಂಟಿಯಾಗಿ ಬರುವುದಿಲ್ಲ.

ಎದೆಹಾಲಿನ ಪ್ರಕರಣದಲ್ಲಿ ಶತಾವರಿಯನ್ನು ಸ್ಪಷ್ಟವಾಗಿ ಹೆಸರಿಸುವುದು ಸುಶ್ರುತಸಂಹಿತೆ. ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಕೋಪ, ದುಃಖ, ಮಗುವಿನಲ್ಲಿ ವಾತ್ಸಲ್ಯವಿಲ್ಲದಿರುವುದು ಮುಂತಾದುವು ಹಾಲಿನ ನಾಶಕ್ಕೆ ಕಾರಣಗಳೆಂದು ಮೊದಲು ಹೇಳಿದೆ. ಅನಂತರ ತಾಯಿಗೆ ಮನಸ್ಸಿನ ಪ್ರಸನ್ನತೆಯನ್ನು ಉಂಟುಮಾಡಿ, ಜವೆ, ಗೋಧಿ, ಅಕ್ಕಿ, ಮಾಂಸರಸ, ಬೆಳ್ಳುಳ್ಳಿ, ಮೀನು, ನೆಲಗುಂಬಳ, ಜ್ಯೇಷ್ಠಮಧು, ಶತಾವರಿ ಮುಂತಾದುವನ್ನು ಕೊಡಬೇಕೆಂದು ವಿಧಿಸಿದೆ. ಈ ಕ್ರಮವು ಬಹಳ ಮುಖ್ಯವಾದುದು. ಮೊದಲನೆಯದು ಸೌಮನಸ್ಯ, ಎರಡನೆಯದು ಪುಷ್ಟಿಕರವಾದ ಆಹಾರ, ಆ ಆಹಾರದ ದೀರ್ಘವಾದ ಪಟ್ಟಿಯಲ್ಲಿ ಶತಾವರಿಯು ಒಂದು. ನಿದಾನಸ್ಥಾನದಲ್ಲಿ ಅದೇ ಆಚಾರ್ಯನು ಮಗುವನ್ನು ಮುಟ್ಟುವುದು, ನೋಡುವುದು, ನೆನೆಯುವುದು, ಎತ್ತಿಕೊಳ್ಳುವುದು ಇವುಗಳಿಂದ ಹಾಲು ಸುರಿಯುವುದೆಂದೂ, ನಿರಂತರವಾದ ಸ್ನೇಹವೇ ಅದಕ್ಕೆ ಹೇತುವೆಂದೂ ಹೇಳಿದ್ದಾನೆ.

ಮೂರನೆಯ ಸಾಕ್ಷಿಯು ಕಾಶ್ಯಪಸಂಹಿತೆ. ಸ್ತ್ರೀಯರ ಮತ್ತು ಶಿಶುಗಳ ವೈದ್ಯಕ್ಕೆ ಮೀಸಲಾದ ಈ ಗ್ರಂಥವು ನೇಪಾಳದ ತಾಳೆಯೋಲೆಯ ಪ್ರತಿಯಿಂದ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು. ದೊರೆತ ಪ್ರತಿಯು ಅಸಮಗ್ರವಾದರೂ ಅದರ ಕಲ್ಪಸ್ಥಾನದಲ್ಲಿ ಶತಪುಷ್ಪೆಗೂ ಶತಾವರಿಗೂ ಸೇರಿದ ಒಂದು ಅಧ್ಯಾಯವು ಉಳಿದುಬಂದಿದೆ. ಋತುದೋಷಗಳಿಗೂ ಸಂತಾನದ ತೊಂದರೆಗಳಿಗೂ ಈ ಎರಡು ದ್ರವ್ಯಗಳನ್ನು ಅಲ್ಲಿ ಜೊತೆಯಾಗಿ ಪ್ರಶಂಸಿಸಿದೆ. ಶತಪುಷ್ಪೆಯೆಂದರೆ ಸಾಮಾನ್ಯವಾಗಿ ಎಲ್ಲರೂ ಒಪ್ಪುವಂತೆ ಸಬ್ಬಸಿಗೆ.

ಕಡೆಗೆ ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ನಿಘಂಟುವಿನಲ್ಲಿ ಶತಾವರಿಯನ್ನು ಗುರು, ಶೀತ, ಮಧುರತಿಕ್ತ, ರಸಾಯನ, ಶುಕ್ರವನ್ನೂ ಸ್ತನ್ಯವನ್ನೂ ಹೆಚ್ಚಿಸುವುದು ಎಂದು ವರ್ಣಿಸುತ್ತಾನೆ. ಹೀಗೆ ಚರಕದ ಹತ್ತರಲ್ಲಿ ಸೇರದಿದ್ದ ದ್ರವ್ಯವು ಸುಶ್ರುತನ ಆಹಾರದ ಪಟ್ಟಿಯಲ್ಲಿ ಸೇರಿ, ಭಾವಮಿಶ್ರನ ಕಾಲಕ್ಕೆ ಸ್ತನ್ಯಕಾರಿಯೆಂಬ ನಿಯತವಾದ ವಿಶೇಷಣವನ್ನು ಪಡೆದಿದೆ. ಪ್ರಸಿದ್ಧಿಯು ಕ್ರಮವಾಗಿ ಬೆಳೆದುದೆಂಬುದನ್ನು ಗ್ರಂಥಗಳೇ ತೋರಿಸುತ್ತವೆ.

೫

ಮದ್ದೂರು ಮಳವಳ್ಳಿಗಳ ಸೀಮೆಯೂ ಸೇರಿದ ಹಳೆಯ ಮೈಸೂರಿನ ಮನೆಗಳಲ್ಲಿ ಬಾಣಂತಿಯ ಪಥ್ಯವು ಸುಶ್ರುತನ ಮಾತಿಗೆ ವಿಸ್ಮಯಕರವಾಗಿ ಹೊಂದುತ್ತದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು, ತುಪ್ಪ, ಬಿಸಿಯಾದ ಅನ್ನ ಇವು ಆ ಪಥ್ಯದ ಮುಖ್ಯ ಅಂಗಗಳು. ಕಾಶ್ಯಪನು ಜೊತೆಗೂಡಿಸಿದ ಎರಡು ‘ಶತ’ಗಳಲ್ಲಿ ಒಂದು, ಎಂದರೆ ಶತಪುಷ್ಪೆಯು, ಅಡಿಗೆಯ ಮನೆಯನ್ನು ಸೇರಿ ನಿತ್ಯದ ಸೊಪ್ಪಾಯಿತು. ಮತ್ತೊಂದು ಬೇಲಿಯಲ್ಲಿಯೇ ಉಳಿದು, ಸೂಲಗಿತ್ತಿಯೂ ನಾಟಿವೈದ್ಯನೂ ಬೇಕಾದಾಗ ಅಗೆದು ತರುವ ಮದ್ದಾಯಿತು.

ಬೇರನ್ನು ಉಪಯೋಗಿಸುವ ಕ್ರಮ ಸರಳವಾದುದು. ಹಸಿಯ ಬೇರನ್ನು ತೊಳೆದು, ಸಿಪ್ಪೆಯನ್ನು ಸುಲಿದು, ನಡುವಿನ ನಾರನ್ನು ಎಳೆದು ತೆಗೆಯುತ್ತಾರೆ. ಉಳಿದ ತಿರುಳನ್ನು ಅರೆದು ಹಾಲಿನಲ್ಲಿ ಕದಡಿ ಕೊಡುವುದುಂಟು. ಒಣಗಿಸಿ ಪುಡಿಮಾಡಿ ಹಾಲು ಸಕ್ಕರೆಗಳೊಡನೆ ಕೊಡುವುದೂ ಉಂಟು. ಸಿಪ್ಪೆ ಸುಲಭವಾಗಿ ಬಿಡಲೆಂದು ಬೇರನ್ನು ಮೊದಲು ಸ್ವಲ್ಪ ಬೇಯಿಸುವರು. ಹಾಲು ಕಡಮೆಯಾದ ಹಸುವಿಗೂ ಇದೇ ಬೇರನ್ನು ತಿನ್ನಿಸುವ ವಾಡಿಕೆಯಿದೆ. ಪೇಟೆಗಳ ಗ್ರಂಧಿಗೆ ಅಂಗಡಿಗಳಲ್ಲಿ ಒಣಬೇರು ದೊರೆಯುತ್ತದೆ.

ಇಂತಹ ಉಪಯೋಗದಲ್ಲಿ ಬೇರಿನ ಪಾಲೆಷ್ಟು, ಜೊತೆಗೆ ಸಿಗುವ ಹಾಲು ತುಪ್ಪಗಳ ಪಾಲೆಷ್ಟು, ಬಾಣಂತಿಗೆ ದೊರೆಯುವ ವಿಶ್ರಾಂತಿಯ ಮತ್ತು ತಾಯಮನೆಯ ಆದರದ ಪಾಲೆಷ್ಟು ಎಂಬುದನ್ನು ಮನೆಯ ಅನುಭವದಿಂದ ಬೇರ್ಪಡಿಸಿ ಹೇಳಲಾಗದು. ಹಾಗೆ ಬೇರ್ಪಡಿಸುವುದೇ ಆಧುನಿಕ ಪರೀಕ್ಷೆಗಳ ಉದ್ದೇಶ.

೬

ಶತಾವರಿಯ ಬೇರಿನಲ್ಲಿ ಶತಾವರಿನ್ ಎಂದು ಹೆಸರಿಡಲಾದ, ನೊರೆಯೇಳುವ ಸಾಪೋನಿನ್ ಜಾತಿಯ ಪದಾರ್ಥಗಳಿವೆಯೆಂದು ರಸಾಯನಶಾಸ್ತ್ರಜ್ಞರು ಕಂಡುಹಿಡಿದಿದ್ದಾರೆ. ೧೯೬೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬೇರಿನ ಸಾರವನ್ನು ಪಡೆದ ಇಲಿಗಳ ಸ್ತನಗ್ರಂಥಿಗಳು ಬೆಳೆದುದು ಕಂಡುಬಂದಿತು. ೧೯೬೯ರಲ್ಲಿ, ಬೇರಿನಿಂದ ತೆಗೆದ ಸಾಪೋನಿನ್ ಗರ್ಭಾಶಯದ ಸ್ನಾಯುವನ್ನು ಸಂಕೋಚಗೊಳಿಸುವ ಆಕ್ಸಿಟೋಸಿನ್ನಿನ ಕಾರ್ಯವನ್ನು ತಡೆಯುವುದೆಂದು ವರದಿಯಾಯಿತು. ಇವೆರಡೂ ಪ್ರಾಣಿಗಳನ್ನು ಅಥವಾ ಪ್ರಾಣಿಗಳ ಅಂಗಗಳನ್ನು ಕುರಿತ ಪರೀಕ್ಷೆಗಳು. ಸ್ತ್ರೀಯರಿಗೆ ಇವುಗಳನ್ನು ನೇರವಾಗಿ ಅನ್ವಯಿಸತಕ್ಕದ್ದಲ್ಲ.

ಬಾಣಂತಿಯರಲ್ಲಿ ನಡೆದ ಪರೀಕ್ಷೆಗಳಲ್ಲಿ ಎರಡು ವಿಶೇಷವಾಗಿ ಗಣ್ಯವಾದುವು. ಒಂದು ಗುಂಪಿಗೆ ಔಷಧವನ್ನೂ ಮತ್ತೊಂದು ಗುಂಪಿಗೆ ನೋಟಕ್ಕೆ ಅದರಂತೆ ಇರುವ, ಗುಣವಿಲ್ಲದ ಹುಸಿಮದ್ದನ್ನೂ ಕೊಟ್ಟು ತಾರತಮ್ಯವನ್ನು ನೋಡುವುದು ಇವುಗಳ ಕ್ರಮ. ೧೯೯೬ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಾಲು ಸಾಲದ ತಾಯಂದಿರ ಎರಡು ಗುಂಪುಗಳಿಗೂ ಹಾಲಿನ ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಗ್ರಂಥಿರಸದ ಪ್ರಮಾಣದಲ್ಲಿ ಗಣನೀಯವಾದ ಭೇದ ಕಾಣಲಿಲ್ಲ. ೨೦೧೧ರಲ್ಲಿ ಪ್ರಕಟವಾದ, ೬೦ ಮಂದಿ ತಾಯಂದಿರನ್ನು ಕುರಿತ ಮತ್ತೊಂದು ಪರೀಕ್ಷೆಯಲ್ಲಿ ಶತಾವರಿಯನ್ನು ಸೇವಿಸಿದವರಲ್ಲಿ ಪ್ರೊಲ್ಯಾಕ್ಟಿನ್ನಿನ ಪ್ರಮಾಣವು ಶೇಕಡ ೩೨.೮೭ರಷ್ಟೂ, ಸೇವಿಸದವರಲ್ಲಿ ಶೇಕಡ ೯.೫೬ರಷ್ಟೂ ಏರಿತು. ಒಂದು ‘ಇಲ್ಲ’ವೆನ್ನುತ್ತದೆ, ಒಂದು ‘ಉಂಟು’ ಎನ್ನುತ್ತದೆ. ಎರಡೂ ಚಿಕ್ಕ ಪರೀಕ್ಷೆಗಳು. ೨೦೨೦ರಲ್ಲಿ ಕಾಕ್ರೇನ್ ಸಂಸ್ಥೆಯು ಹಾಲು ಹೆಚ್ಚಿಸುವವೆಂದು ಹೆಸರಾದ ನಾನಾ ಔಷಧಗಳನ್ನು ಕುರಿತ ೪೧ ಪರೀಕ್ಷೆಗಳನ್ನು, ೩,೦೦೫ ಮಂದಿ ತಾಯಂದಿರ ವಿವರಗಳೊಡನೆ, ಒಟ್ಟುಗೂಡಿಸಿ ವಿಮರ್ಶಿಸಿತು. ಸಸ್ಯೌಷಧಗಳಿಂದ ಸ್ವಲ್ಪ ಪ್ರಯೋಜನವಾಗಬಹುದಾದರೂ ದೊರೆತ ಪ್ರಮಾಣಗಳು ದುರ್ಬಲವಾದುವೆಂಬುದು ಅದರ ತೀರ್ಮಾನದ ಸಾರ.

ಗರ್ಭಿಣಿಯರ ವಿಷಯದಲ್ಲಿ ಹೆಚ್ಚಿನ ಎಚ್ಚರವು ಬೇಕು. ೨೦೦೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬೇರಿನ ಮದ್ಯಸಾರದ ದ್ರಾವಣವನ್ನು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೧೦೦ ಮಿಲಿಗ್ರಾಮಿನಂತೆ ಪಡೆದ ಇಲಿಗಳಲ್ಲಿ ಭ್ರೂಣದ ನಾಶವೂ ಅಂಗವೈಕಲ್ಯವೂ ಕಂಡುಬಂದವು. ಮನೆಯಲ್ಲಿ ಹಾಲಿನೊಡನೆ ಅರೆದು ಕೊಡುವ ಬೇರಿಗೂ ಈ ದ್ರಾವಣಕ್ಕೂ ಭೇದವಿದೆಯೆಂಬುದು ನಿಜವೇ. ಆದರೂ ‘ಗಿಡಮೂಲಿಕೆಯಾದ್ದರಿಂದ ದೋಷವಿಲ್ಲ’ ಎಂಬ ಮಾತಿಗೆ ಇದು ತಡೆಯನ್ನು ಹಾಕುತ್ತದೆ. ವೈದ್ಯರ ಅನುಮತಿಯಿಲ್ಲದೆ ಗರ್ಭಿಣಿಗೆ ಈ ಬೇರನ್ನು ಕೊಡತಕ್ಕದ್ದಲ್ಲ.

ಎದೆಹಾಲಿನ ಉತ್ಪತ್ತಿಯ ವಿಷಯದಲ್ಲಿ ಈಗಿನ ಶಾರೀರಶಾಸ್ತ್ರವು ನಿಸ್ಸಂದೇಹವಾಗಿ ಹೇಳುವ ಮಾತು ಬೇರೆಯೇ ಇದೆ. ಮಗುವು ಚೀಪಿದಷ್ಟೂ ಪ್ರೊಲ್ಯಾಕ್ಟಿನ್ ಸ್ರವಿಸುತ್ತದೆ. ಹಾಲು ಬರಿದಾದಷ್ಟೂ ಹೊಸ ಹಾಲು ಉಂಟಾಗುತ್ತದೆ. ಮಗುವಿನ ಸ್ಪರ್ಶದಿಂದಲೂ, ನೋಟದಿಂದಲೂ, ಅಳುವಿನಿಂದಲೂ ಆಕ್ಸಿಟೋಸಿನ್ ಹೊರಟು ಹಾಲನ್ನು ಸುರಿಯುವಂತೆ ಮಾಡುತ್ತದೆ. ಭಯ ದುಃಖಗಳು ಅದನ್ನು ತಡೆಯುತ್ತವೆ. ಹುಟ್ಟಿದ ಒಂದು ಗಂಟೆಯೊಳಗಾಗಿ ಮೊಲೆಯೂಡಿಸಬೇಕೆಂದೂ, ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಗ್ರಂಥಿರಸಗಳ ಹೆಸರುಗಳನ್ನು ಬಿಟ್ಟರೆ ಸುಶ್ರುತನು ನಿದಾನಸ್ಥಾನದಲ್ಲಿ ಹೇಳಿದ ಸ್ಪರ್ಶ, ದರ್ಶನ, ಸ್ಮರಣ, ಸ್ನೇಹಗಳಿಗೂ ಇದಕ್ಕೂ ವಿರೋಧವೇನೂ ಕಾಣುವುದಿಲ್ಲ. ಪ್ರಾಚೀನ ಗ್ರಂಥದೊಡನೆ ಆಧುನಿಕ ಶಾಸ್ತ್ರವು ಅತ್ಯಂತ ಸಮೀಪಕ್ಕೆ ಬರುವುದು ಬೇರಿನ ವಿಷಯದಲ್ಲಲ್ಲ, ಸೌಮನಸ್ಯದ ವಿಷಯದಲ್ಲಿ.

೭

ಉಪಯೋಗವು ಹಾಗಿರಲಿ, ಬೇಲಿಯಲ್ಲಿ ಅಗೆದದ್ದು ಶತಾವರಿಯೇ ಎಂಬ ನಿಶ್ಚಯವೂ ಬೇಕು. ಮಳೆಗಾಲದಲ್ಲಿ ಅಂತಹ ಬೇಲಿಗಳಲ್ಲಿಯೇ ಅಗ್ನಿಶಿಖೆಯೆಂಬ ಮತ್ತೊಂದು ಬಳ್ಳಿಯು ಹಬ್ಬಿ, ಬೆಂಕಿಯ ನಾಲಗೆಯಂತಹ ಹೂಗಳನ್ನು ಬಿಡುತ್ತದೆ. ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರವಾದ ವಿಷವಿದೆ. ಸ್ವಲ್ಪ ಪ್ರಮಾಣವೂ ಪ್ರಾಣಾಂತಿಕವಾಗಬಹುದು. ಸಂಸ್ಕೃತದಲ್ಲಿ ಅದಕ್ಕೆ ಲಾಂಗಲೀ ಎಂದೂ ಗರ್ಭಪಾತಿನೀ ಎಂದೂ ಹೆಸರುಗಳಿವೆ. ಮೊದಲನೆಯದು ನೇಗಿಲಿನಂತೆ ಬಾಗಿದ ಗಡ್ಡೆಯ ಹೋಲಿಕೆಯಿಂದ ಬಂದುದು. ಎರಡನೆಯದು ವೀರ್ಯದಿಂದ ಬಂದುದು, ಅದು ಎಚ್ಚರಿಕೆಯ ಮಾತು. ಬಹುಸುತಾ ಎಂಬುದನ್ನು ಫಲದ ಹೆಸರೆಂದೂ ಗರ್ಭಪಾತಿನೀ ಎಂಬುದನ್ನು ಬರಿಯ ಅಲಂಕಾರವೆಂದೂ ತಿಳಿದವನು ಎರಡು ಕಡೆಯಲ್ಲಿಯೂ ಕೆಡುತ್ತಾನೆ. ಗೊಂಚಲಾಗಿ ಇಳಿದ ಹಲವು ಬೇರುಗಳು ಶತಾವರಿಯವು, ನೇಗಿಲಿನಂತೆ ಬಾಗಿದ ಗಡ್ಡೆಯು ಅಗ್ನಿಶಿಖೆಯದು ಎಂಬುದನ್ನು ಹೆಸರುಗಳೇ ಕಲಿಸುತ್ತವೆ. ಅಂಗಡಿಯ ಒಣಬೇರಿನಲ್ಲಿ ಇದೇ ಕುಲದ ಇತರ ಜಾತಿಗಳ ಬೇರುಗಳು ಬೆರೆಯುವುದೂ ಉಂಟಾದುದರಿಂದ, ತಿಳಿದವರ ಪರೀಕ್ಷೆಯಿಲ್ಲದೆ ಕೊಳ್ಳುವುದು ಉಚಿತವಲ್ಲ.

ಮತ್ತೊಂದು ಸಂಗತಿಯು ಬಳ್ಳಿಯ ಉಳಿವನ್ನು ಕುರಿತದ್ದು. ಔಷಧವಾಗುವುದು ಬೇರೇ ಆದಕಾರಣ, ಬೇರನ್ನು ಪೂರ್ತಿಯಾಗಿ ಕಿತ್ತರೆ ಬಳ್ಳಿಯೇ ನಾಶವಾಗುತ್ತದೆ. ಬುಡವನ್ನು ಉಳಿಸಿ ಕೆಲವು ಬೇರುಗಳನ್ನು ಮಾತ್ರ ತೆಗೆದು ಮಣ್ಣು ಮುಚ್ಚಿದರೆ ಅದು ಮತ್ತೆ ಚಿಗುರುತ್ತದೆ. ಮನೆಯ ಮದ್ದಿಗೆ ಇಷ್ಟು ಸಾಕಾಗುತ್ತದೆ. ಕಾರ್ಖಾನೆಗಳ ಬೇಡಿಕೆಗೆ ಸಾಲದು. ಬೆಂಗಳೂರಿನಲ್ಲಿ ೧೯೯೩ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನವು ಔಷಧಿಸಸ್ಯಗಳನ್ನು ಅವುಗಳ ಸ್ವಸ್ಥಾನದಲ್ಲಿಯೇ ಕಾಪಾಡುವ ಕಾರ್ಯವನ್ನು ಕೈಗೊಂಡಿತು. ೨೦೦೦ದಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಔಷಧಿಸಸ್ಯ ಮಂಡಲಿಯನ್ನು ರಚಿಸಿ, ಸಾಗುವಳಿಗೆ ಪ್ರೋತ್ಸಾಹ ಕೊಡತಕ್ಕ ಸಸ್ಯಗಳಲ್ಲಿ ಶತಾವರಿಯನ್ನೂ ಸೇರಿಸಿತು. ನೆಟ್ಟ ಒಂದೂವರೆ ಅಥವಾ ಎರಡು ವರ್ಷಗಳಿಗೆ ಬೇರು ಅಗೆಯಲು ಬರುವುದರಿಂದ ಇದು ತಾಳ್ಮೆಯುಳ್ಳ ಬೇಸಾಯಗಾರನ ಬೆಳೆ. ನೀರಾವರಿಯಿಲ್ಲದ ಅಂಚಿನ ನೆಲಗಳಿಗೂ ಒಗ್ಗುವ ಸ್ವಭಾವವು ಅದಕ್ಕಿದೆ.

೮

ಮೂರು ಪ್ರಶ್ನೆಗಳಿಗೂ ಉತ್ತರಗಳನ್ನು ಈಗ ಒಟ್ಟಿಗೆ ಹೇಳಬಹುದು. ಶಬ್ದದ ದೃಷ್ಟಿಯಿಂದ ಬಹುಸುತಾ, ಹಲವು ಮಕ್ಕಳ ತಾಯಿ ಎಂಬ ಹೆಸರುಗಳು ಬೇರಿನ ಗೊಂಚಲಿನ ವರ್ಣನೆಗಳು, ಸಂತಾನದ ಭರವಸೆಗಳಲ್ಲ. ಶಾಸ್ತ್ರದ ದೃಷ್ಟಿಯಿಂದ ಶತಾವರಿಯು ಪುಷ್ಟಿಕರವಾದ ದ್ರವ್ಯ. ಎದೆಹಾಲಿನ ವಿಷಯದಲ್ಲಿ ಪ್ರಸನ್ನತೆಯ ಮತ್ತು ಆಹಾರದ ಅನಂತರ ಬರತಕ್ಕ ಸಹಾಯಕ. ಪರೀಕ್ಷೆಯ ದೃಷ್ಟಿಯಿಂದ ಅದರ ಗುಣವು ಸಂಭಾವ್ಯವಾದರೂ ಇನ್ನೂ ಸಿದ್ಧವಾಗಿಲ್ಲ.

ಇದು ಕೇವಲ ಕೋಶಕಾರರ ಚರ್ಚೆಯೆಂದು ಭಾವಿಸಲಾಗದು. ಹೆಸರನ್ನೇ ಪ್ರಮಾಣವೆಂದು ನಂಬಿದ ಮನೆಯಲ್ಲಿ ಬೇರನ್ನು ಕುಡಿದರೂ ಹಾಲು ಬಾರದ ಬಾಣಂತಿಯ ಮೇಲೆಯೂ, ಮಕ್ಕಳಾಗದ ಸೊಸೆಯ ಮೇಲೆಯೂ ದೋಷವು ಬೀಳುತ್ತದೆ. ಮದ್ದು ಹಲವು ಮಕ್ಕಳ ತಾಯಿಯಾಗಿರುವಾಗ ಕೊರತೆಯು ಹೆಣ್ಣಿನಲ್ಲಿಯೇ ಇರಬೇಕೆಂಬ ತರ್ಕವು ಅಲ್ಲಿ ಹುಟ್ಟುತ್ತದೆ. ಮಗುವಿನ ತೂಕ ಏರದಿರುವಾಗ ವೈದ್ಯರ ಬಳಿಗೆ ಹೋಗಬೇಕಾದ ದಿನಗಳು ಬೇರಿನ ನಿರೀಕ್ಷೆಯಲ್ಲಿ ಕಳೆದುಹೋಗುತ್ತವೆ. ಸುಶ್ರುತನು ಹಾಲಿನ ನಾಶಕ್ಕೆ ಕಾರಣವೆಂದು ಹೇಳಿದ ದುಃಖವನ್ನು, ಹಾಲಿಗಾಗಿ ಕೊಟ್ಟ ಮದ್ದಿನ ಹೆಸರೇ ಹೆಚ್ಚಿಸಿದಂತಾಗುತ್ತದೆ.

ಅಮರಕೋಶವನ್ನು ಪಾಠ ಹೇಳುವವರೂ, ಕನ್ನಡದ ಸಸ್ಯನಾಮಗಳನ್ನು ಸಂಗ್ರಹಿಸುವವರೂ ಈ ಪದಕ್ಕೆ ಅರ್ಥವನ್ನು ಬರೆಯುವಾಗ ‘ಸಂತಾನವನ್ನು ಕೊಡುವ ಬೇರು’ ಎಂದು ಬರೆಯದೆ ‘ಒಂದು ಬುಡದಿಂದ ಹಲವು ಗಡ್ಡೆಗಳು ಇಳಿದಿರುವ ಬೇರು’ ಎಂದು ಬರೆದರೆ ವಿದ್ಯಾರ್ಥಿಗೆ ಸಸ್ಯವನ್ನು ಗುರುತಿಸಲು ನೆರವಾಗುತ್ತದೆ, ವ್ಯಾಕರಣಕ್ಕೂ ನ್ಯಾಯ ಸಲ್ಲುತ್ತದೆ. ಆ ವಿದ್ಯಾರ್ಥಿಯು ಮುಂದೆ ಗೃಹಸ್ಥನಾದಾಗ ಬಾಣಂತಿಯ ಕೋಣೆಗೆ ಬೇರಿಗಿಂತ ಮೊದಲು ಏನು ಹೋಗಬೇಕೆಂಬುದು ಅವನಿಗೆ ತಿಳಿದಿರುತ್ತದೆ.